ಸಿಹಿಸುದ್ದಿಗೊಂದು ಮರುಪ್ರಶ್ನೆ

ಅಂಬೆಗಾಲಿಡುವ ಮಗು ಮೊದಲ ಸಲ ಹೊಸ್ತಿಲು ದಾಟಿದ ದಿನ ನಮ್ಮ ಎಷ್ಟೋ ಮನೆಗಳಲ್ಲಿ ಏನಾದರೊಂದು ಸಿಹಿ ಮಾಡುತ್ತಾರೆ, ಅಕ್ಕಪಕ್ಕದ ಮನೆಗಳಿಗೂ ಕೊಟ್ಟು ಬರುತ್ತಾರೆ. ಮಗು ಮಗುಚಿಕೊಂಡದ್ದು, ಮೊದಲ ಹಲ್ಲು ಮೂಡಿದ್ದು, ಮೊದಲ ತೊದಲು ನುಡಿದದ್ದು ಇವ್ಯಾವುವೂ ಪತ್ರಿಕೆಯಲ್ಲಿ ಬರುವಂಥ ಸುದ್ದಿಗಳಲ್ಲ. ಲೋಕದ ಮಕ್ಕಳೆಲ್ಲ ಮಾಡುವುದನ್ನೇ ಈ ಮಗುವೂ ಮಾಡಿದೆ. ಆದರೂ ನಾಲ್ಕು ಜನಕ್ಕೆ ಹೇಳದೆ ಇರಲು ಆಗುವುದಿಲ್ಲ. ಈಗ ಹೇಳುವ ದಾರಿ ಹೆಚ್ಚಾಗಿ ಫೋನಿನದು. ಹೃದಯದ ಆಪರೇಷನ್ ಆದ ಮೇಲೆ ಒಂದು ತಿಂಗಳು ತಪ್ಪದೆ ವಾಕಿಂಗ್ ಮುಗಿಸಿದ ತಾತ, ಮನೆ ಸಾಲದ ಕೊನೆಯ ಕಂತು ಕಟ್ಟಿದ ದಂಪತಿ, ಬಾಲ್ಕನಿಯ ಕುಂಡದಿಂದ ಮೊದಲ ಟೊಮೆಟೊ ಕಿತ್ತ ಹುಡುಗಿ, ಅಂತೂ ಇಂತೂ ರೊಟ್ಟಿ ದುಂಡಗೆ ತಟ್ಟಿದ ಹಾಸ್ಟೆಲ್ ಹುಡುಗ, ಎಲ್ಲರೂ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಹಾಕುತ್ತಾರೆ. ಹಾಕಿದ ಮೇಲೆ ಯಾರು ಏನಂದರು ಎಂದು ಮತ್ತೆ ಮತ್ತೆ ತೆಗೆದು ನೋಡುತ್ತಾರೆ.

ಈ ಹೇಳುವ ಆಸೆ ಎಲ್ಲಿಂದ ಬರುತ್ತದೆ, ಹೇಳಿದವರಿಗೆ ಅದರಿಂದ ಏನು ಸಿಗುತ್ತದೆ? ಮನೋವಿಜ್ಞಾನಿಗಳು ಈ ಪ್ರಶ್ನೆಗೆ ಬಂದದ್ದು ತಡವಾಗಿ. ದುಃಖವನ್ನು ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆಯೇ, ಕಷ್ಟದಲ್ಲಿ ಜೊತೆಗೆ ನಿಂತವರಿಂದ ಆರೋಗ್ಯ ಸುಧಾರಿಸುತ್ತದೆಯೇ ಎಂಬ ವಿಷಯಗಳ ಮೇಲೆ ದಶಕಗಳ ಕಾಲ ಅಧ್ಯಯನ ನಡೆದಿತ್ತು. ಸಂತೋಷ ಮಾತ್ರ ತನ್ನಷ್ಟಕ್ಕೆ ತಾನೇ ಪೂರ್ಣ, ಅದಕ್ಕೆ ಯಾರ ಆಸರೆಯೂ ಬೇಡ ಎಂಬ ಭಾವನೆ ಇತ್ತೇನೋ. 1994ರಲ್ಲಿ ಕ್ರಿಸ್ಟೋಫರ್ ಲ್ಯಾಂಗ್‌ಸ್ಟನ್ ಎಂಬ ಅಮೆರಿಕದ ಮನೋವಿಜ್ಞಾನಿ ಜನರಿಂದ ದಿನದಿನದ ಘಟನೆಗಳನ್ನು ಬರೆಸಿ ಪರಿಶೀಲಿಸಿದರು. ಒಳ್ಳೆಯದು ನಡೆದಾಗ ಅದನ್ನು ಇನ್ನೊಬ್ಬರಿಗೆ ಹೇಳಿದವರ, ಸಂಭ್ರಮಿಸಿದವರ ಖುಷಿ ಆ ಘಟನೆಯಿಂದಷ್ಟೇ ಬರಬಹುದಾದ ಖುಷಿಗಿಂತ ಹೆಚ್ಚಿಗೆ ಇತ್ತು. ಈ ನಡವಳಿಕೆಗೆ ಅವರು ‘ಕ್ಯಾಪಿಟಲೈಸೇಷನ್’ ಎಂದು ಹೆಸರಿಟ್ಟರು. ಹತ್ತು ವರ್ಷದ ನಂತರ, 2004ರಲ್ಲಿ, ಶೆಲ್ಲಿ ಗೇಬಲ್, ಹ್ಯಾರಿ ರೀಸ್ ಮತ್ತು ಅವರ ಸಂಗಡಿಗರು ಇದೇ ಎಳೆಯನ್ನು ಹಿಡಿದು ಮುಂದಕ್ಕೆ ಹೋದರು. ಅವರಿಗೆ ಕಂಡದ್ದು ಇನ್ನೂ ಸೂಕ್ಷ್ಮವಾದ ಸಂಗತಿ. ಹೇಳಿಕೊಳ್ಳುವುದರ ಲಾಭದಲ್ಲಿ ದೊಡ್ಡ ಪಾಲು ಹೇಳುವವರ ಕೈಯಲ್ಲಿಲ್ಲ, ಕೇಳಿಸಿಕೊಂಡವರು ಏನಂದರು ಎಂಬುದರಲ್ಲಿದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಐವತ್ತು ದಾಟಿದ ಗೃಹಿಣಿಯೊಬ್ಬರು ಸ್ಕೂಟರ್ ಕಲಿತಿದ್ದಾರೆ ಎಂದುಕೊಳ್ಳಿ. ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿ ಪಾಸಾಗಿದ್ದಾರೆ. ಮನೆ ತಲುಪುವ ಮೊದಲೇ ಅಣ್ಣನಿಗೆ ಫೋನು: “ಅಣ್ಣಾ, ಡ್ರೈವಿಂಗ್ ಟೆಸ್ಟ್ ಪಾಸಾದೆ ಕಣಣ್ಣ!”

ಅಣ್ಣ ಹೀಗೆ ಹೇಳಬಹುದು: “ಹೌದೇನಮ್ಮಾ! ಎಂಟು ಹಾಕುವಾಗ ಕಾಲು ನೆಲಕ್ಕೆ ತಾಗ್ಲಿಲ್ವಾ? ಇನ್ಸ್‌ಪೆಕ್ಟರ್ ಏನಂದ್ರು? ಮೊದಲು ಎಲ್ಲಿಗೆ ಹೋಗ್ತೀಯ ಹೇಳು.”

ಅಥವಾ ಇಷ್ಟೇ ಹೇಳಬಹುದು: “ಒಳ್ಳೇದಾಯ್ತು ಬಿಡಮ್ಮ.”

ಇಲ್ಲವೇ: “ಈ ವಯಸ್ಸಲ್ಲಿ ನಿಂಗ್ಯಾಕಮ್ಮ ಇದೆಲ್ಲ? ರಿಂಗ್ ರೋಡಲ್ಲಿ ಲಾರಿಗಳು ಹೆಂಗೆ ನುಗ್ತವೆ ಗೊತ್ತಾ? ಬಿದ್ದು ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರು?”

ಅದೂ ಅಲ್ಲದಿದ್ದರೆ: “ಹ್ಞೂ. ಅದಿರ್ಲಿ, ಭಾನುವಾರ ಮದುವೆಗೆ ಎಷ್ಟೊತ್ತಿಗೆ ಹೊರಡ್ತೀರಾ?”

ಗೇಬಲ್ ತಂಡ ಉತ್ತರಗಳನ್ನು ವಿಂಗಡಿಸಿದ್ದು ಈ ನಾಲ್ಕು ಬಗೆಯಲ್ಲೇ. ಉತ್ಸಾಹದಿಂದ ಸುದ್ದಿಯೊಳಕ್ಕೆ ಇಳಿಯುವುದು, ಮೆಲ್ಲಗೆ ಮೆಚ್ಚಿ ಸುಮ್ಮನಾಗುವುದು, ಕುಂದು ತೋರಿಸುವುದು, ಕಿವಿಗೇ ಹಾಕಿಕೊಳ್ಳದಿರುವುದು. ಕುಂದು ತೋರಿಸಿದರೆ, ಕಡೆಗಣಿಸಿದರೆ ಸಂಬಂಧಕ್ಕೆ ಪೆಟ್ಟು ಬೀಳುತ್ತದೆ ಎಂಬುದನ್ನು ಯಾರು ಬೇಕಾದರೂ ಊಹಿಸಬಹುದು. ಊಹೆಗೆ ಸಿಗದಿದ್ದದ್ದು ಎರಡನೆಯ ಬಗೆಯ ಫಲಿತಾಂಶ. “ಒಳ್ಳೇದಾಯ್ತು ಬಿಡು” ಎಂಬ ಮಾತಿನಲ್ಲಿ ಕೆಡುಕಿಲ್ಲ, ಹಾರೈಕೆಯೇ ಇದೆ. ಆದರೆ ಸಂಗಾತಿ ಹೆಚ್ಚಾಗಿ ಇದೇ ಧಾಟಿಯಲ್ಲಿ ಉತ್ತರಿಸುತ್ತಾರೆ ಎಂದವರ ಸಂಬಂಧದಲ್ಲಿ ಆತ್ಮೀಯತೆ, ನಂಬಿಕೆ, ತೃಪ್ತಿ ಮೂರೂ ಕಡಿಮೆ ಇದ್ದವು. ನಾಲ್ಕು ಬಗೆಗಳಲ್ಲಿ ಒಳ್ಳೆಯ ಸಂಬಂಧದ ಜೊತೆ ಕೂಡಿಬಂದದ್ದು ಮೊದಲನೆಯದು ಒಂದೇ.

ನನಗೆ ಮೂರನೆಯ ಉತ್ತರದ ಬಗ್ಗೆ ಹೇಳುವುದಿದೆ. ನಮ್ಮ ಮನೆಗಳಲ್ಲಿ ಅದು ಬಹಳ ಸಲ ಹೊಟ್ಟೆಕಿಚ್ಚಿನ ಮಾತಲ್ಲ, ಅಕ್ಕರೆಯ ಮಾತು. ಲಾರಿಯ ಭಯ ಅಣ್ಣನಿಗೆ ನಿಜವಾಗಿಯೂ ಇದೆ. ಆದರೆ ತಂಗಿಯ ಕಿವಿಗೆ ಬೀಳುವುದು ಬೇರೆ: ನೀನು ತಿಂಗಳುಗಟ್ಟಲೆ ಬೆಳಗ್ಗೆ ಬೇಗ ಎದ್ದು ಕಲಿತದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ ಎಂದು. ಹೆಲ್ಮೆಟ್ಟಿನ ಮಾತು, ಲಾರಿಯ ಮಾತು ಮರುದಿನ ಆಡಿದರೂ ಆದೀತು. ಸುದ್ದಿ ಬಂದ ಗಳಿಗೆಯಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನು ಮೊದಲನೆಯ ಉತ್ತರದಲ್ಲಿ ಏನಿದೆ ನೋಡಿ. ಅದರಲ್ಲಿ ಹೊಗಳಿಕೆಯೇ ಇಲ್ಲ. “ಭೇಷ್” ಕೂಡ ಇಲ್ಲ. ಇರುವುದೆಲ್ಲ ಪ್ರಶ್ನೆ. ಎಂಟು ಹಾಕುವಾಗ ಕಾಲು ನೆಲಕ್ಕೆ ತಾಗಿದರೆ ಫೇಲು ಎಂಬುದು ಆ ಪರೀಕ್ಷೆಯ ಜೀವಾಳ; ಅಣ್ಣ ನೇರವಾಗಿ ಅಲ್ಲಿಗೇ ಕೈ ಇಟ್ಟಿದ್ದಾನೆ. ಈಗ ತಂಗಿ ಆ ತಿರುವನ್ನು ಮತ್ತೊಮ್ಮೆ ಹಾಯಬೇಕು. ಎಡಗಡೆ ವಾಲಿದ್ದು, ಎದೆ ಢವಢವ ಅಂದದ್ದು, ಪಕ್ಕದಲ್ಲಿ ನಿಂತ ಕಾಲೇಜು ಹುಡುಗ ಚಪ್ಪಾಳೆ ತಟ್ಟಿದ್ದು ಎಲ್ಲ ಮತ್ತೆ ನೆನೆದು ಹೇಳಬೇಕು. ಹೇಳುತ್ತಾ ಹೋದಂತೆ ಘಟನೆ ಅವಳ ನೆನಪಿನಲ್ಲಿ ಗಟ್ಟಿಯಾಗುತ್ತದೆ. ಇನ್ನೊಬ್ಬರಿಗೆ ಹೇಳಿದ ಒಳ್ಳೆಯ ಘಟನೆಗಳು ಹೇಳದೆ ಉಳಿದವುಗಳಿಗಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತವೆ ಎಂಬುದನ್ನು ಈ ಕ್ಷೇತ್ರದ ಸಂಶೋಧಕರು ಗುರುತಿಸಿದ್ದಾರೆ. ಜೊತೆಗೆ ಇನ್ನೊಂದು ಅರಿವೂ ಅವಳಿಗೆ ದಕ್ಕುತ್ತದೆ: ಇದು ನನಗೆ ಎಷ್ಟು ಮುಖ್ಯ ಎಂಬುದು ಇವನಿಗೆ ಗೊತ್ತು.

2006ರಲ್ಲಿ ಗೇಬಲ್ ತಂಡ 79 ಪ್ರೇಮಿಗಳ ಜೋಡಿಗಳನ್ನು ಪ್ರಯೋಗಾಲಯಕ್ಕೆ ಕರೆಸಿತು. ಜೋಡಿಯಲ್ಲಿ ಒಬ್ಬೊಬ್ಬರೂ ಸರದಿಯ ಮೇಲೆ ಒಂದು ಕಷ್ಟದ ಸಂಗತಿ, ಒಂದು ಸಂತೋಷದ ಸಂಗತಿ ಹೇಳಬೇಕು, ಇನ್ನೊಬ್ಬರು ಸಹಜವಾಗಿ ಉತ್ತರಿಸಬೇಕು. ಎಲ್ಲವನ್ನೂ ವಿಡಿಯೊ ಮಾಡಿಕೊಂಡರು. ಎರಡು ತಿಂಗಳಾದ ಮೇಲೆ ಸಂಬಂಧ ಹೇಗಿದೆ ಎಂದು ವಿಚಾರಿಸಿದರು. ಕಷ್ಟ ಹೇಳಿಕೊಂಡಾಗ ಸಂಗಾತಿ ಎಷ್ಟು ಚೆನ್ನಾಗಿ ಸಂತೈಸಿದರು ಎಂಬುದಕ್ಕಿಂತ ಸಂತೋಷ ಹೇಳಿಕೊಂಡಾಗ ಹೇಗೆ ಸ್ಪಂದಿಸಿದರು ಎಂಬುದೇ ಸಂಬಂಧದ ಆರೋಗ್ಯವನ್ನು ಹೆಚ್ಚು ನಿಚ್ಚಳವಾಗಿ ಹೇಳುವಂತಿತ್ತು. ಇದಕ್ಕೆ ಕಾರಣವಿದೆ. ಸಾಂತ್ವನ ಪಡೆಯುವವರು ಆ ಹೊತ್ತಿನಲ್ಲಿ ತಾವು ಕುಗ್ಗಿದ್ದೇವೆ ಎಂಬುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ನೆರವಿನ ಜೊತೆಗೇ ಒಂದು ಋಣಭಾರವೂ ಬರುತ್ತದೆ. ಸಂತೋಷಕ್ಕೆ ಸಿಗುವ ಸ್ಪಂದನದಲ್ಲಿ ಅಂಥ ಭಾರವಿಲ್ಲ. ಅಲ್ಲದೆ ದೊಡ್ಡ ಕಷ್ಟಗಳು ಎಂದೋ ಒಮ್ಮೆ ಬರುತ್ತವೆ. ಸಣ್ಣ ಖುಷಿಗಳಾದರೋ ದಿನಾ ಬರುತ್ತವೆ. ಒಬ್ಬರ ಪ್ರೀತಿಯನ್ನು ತಿಳಿಯುವ ಅವಕಾಶ ದಿನವೂ ಇದ್ದೇ ಇರುತ್ತದೆ.

ಮಿದುಳಿನ ಕಡೆಯಿಂದಲೂ ಸ್ವಲ್ಪ ನೋಡಬಹುದು. 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಯಾನಾ ಟಮೀರ್ ಮತ್ತು ಜೇಸನ್ ಮಿಚೆಲ್ ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಯಂತ್ರದಲ್ಲಿ ಜನರನ್ನು ಮಲಗಿಸಿ ಪ್ರಶ್ನೆ ಕೇಳಿದರು. ತಮ್ಮ ಬಗ್ಗೆ ಹೇಳಿಕೊಳ್ಳುವಾಗ ನ್ಯೂಕ್ಲಿಯಸ್ ಅಕ್ಯೂಂಬೆನ್ಸ್ ಎಂಬ ಭಾಗ ಚುರುಕಾಯಿತು. ರುಚಿಯಾದ ತಿಂಡಿ, ದುಡ್ಡು ಸಿಗುವಾಗ ಕೆಲಸ ಮಾಡುವ ಬಹುಮಾನದ ಜಾಲಕ್ಕೆ ಸೇರಿದ ಭಾಗ ಇದು. ತಮ್ಮ ಉತ್ತರವನ್ನು ಜೊತೆಗೆ ಬಂದ ಸ್ನೇಹಿತರಿಗೋ ಬಂಧುವಿಗೋ ತಿಳಿಸಲಾಗುತ್ತದೆ ಎಂದಾಗ ಚಟುವಟಿಕೆ ಇನ್ನೂ ಹೆಚ್ಚಿತು. ಬೇರೆಯವರ ಬಗೆಗಿನ ಪ್ರಶ್ನೆಗೋ ಸಾಮಾನ್ಯ ಜ್ಞಾನದ ಪ್ರಶ್ನೆಗೋ ಉತ್ತರಿಸಿದರೆ ಹೆಚ್ಚು ಚಿಲ್ಲರೆ ಕಾಸು ಕೊಡುತ್ತೇವೆ ಎಂದರೂ ಜನ ಸಿಗಬಹುದಾದ ಹಣದಲ್ಲಿ ಶೇ 17ರಿಂದ 25ರಷ್ಟನ್ನು ಬಿಟ್ಟು ತಮ್ಮ ಬಗ್ಗೆಯೇ ಹೇಳಲು ಮುಂದಾದರು. 2016ರಲ್ಲಿ ಲಾರೆನ್ ಶೆರ್ಮನ್ ಮತ್ತು ಸಂಗಡಿಗರು 32 ಹದಿಹರೆಯದವರಿಗೆ ಇನ್‌ಸ್ಟಾಗ್ರಾಂನಂಥದೇ ಪುಟದಲ್ಲಿ ಅವರವರ ಫೋಟೊಗಳನ್ನು ತೋರಿಸಿದರು. ಲೈಕುಗಳ ಸಂಖ್ಯೆಯನ್ನು ಕೂರಿಸಿದ್ದವರು ಸಂಶೋಧಕರೇ. ತಮ್ಮ ಫೋಟೊಗೆ ಹೆಚ್ಚು ಲೈಕು ಬಿದ್ದದ್ದು ಕಂಡಾಗ ಅದೇ ನ್ಯೂಕ್ಲಿಯಸ್ ಅಕ್ಯೂಂಬೆನ್ಸ್ ಮತ್ತೆ ಚುರುಕಾಗಿತ್ತು. ಈ ಚಿತ್ರಗಳಿಂದ ಬಹಳ ದೂರದ ತೀರ್ಮಾನಗಳಿಗೆ ಹಾರುವುದು ಸರಿಯಲ್ಲ. ಮಿದುಳಿನ ಒಂದು ಭಾಗ ಬೆಳಗಿತು ಎಂದ ಮಾತ್ರಕ್ಕೆ ಚಟ ಹತ್ತಿತು ಎಂದಾಗುವುದಿಲ್ಲ, ಬದುಕು ಹಸನಾಯಿತು ಎಂದೂ ಆಗುವುದಿಲ್ಲ. ಹೇಳಿಕೊಳ್ಳುವ ಆಸೆ ಹುಸಿ ಬಡಿವಾರವಲ್ಲ, ನಮ್ಮ ಮಿದುಳಿನ ಆಳದಲ್ಲೇ ಅದಕ್ಕೆ ಜಾಗವಿದೆ ಎಂಬಷ್ಟನ್ನು ಧಾರಾಳವಾಗಿ ಹೇಳಬಹುದು.

ಹಾಗಾದರೆ ಯಾವ ಸುದ್ದಿ ಹೇಳಿಕೊಳ್ಳಲು ಚೆನ್ನ, ದೊಡ್ಡದೋ ಸಣ್ಣದೋ? ದೊಡ್ಡದು ಎಂದೇ ಎಲ್ಲರೂ ಹೇಳುತ್ತಾರೆ. 2014ರಲ್ಲಿ ಗಸ್ ಕೂನಿ, ಡೇನಿಯಲ್ ಗಿಲ್ಬರ್ಟ್ ಮತ್ತು ತಿಮೊಥಿ ವಿಲ್ಸನ್ ಮಾಡಿದ ಪ್ರಯೋಗ ಇದಕ್ಕೆ ಬೇರೆಯೇ ಉತ್ತರ ಕೊಟ್ಟಿತು. ನಾಲ್ವರ ಗುಂಪಿನಲ್ಲಿ ಒಬ್ಬರಿಗೆ ಬೀದಿ ಜಾದೂಗಾರನ ಸೊಗಸಾದ ವಿಡಿಯೊ, ಉಳಿದ ಮೂವರಿಗೆ ಸಾಧಾರಣವಾದ ಒಂದು ಅನಿಮೇಷನ್ ವಿಡಿಯೊ ತೋರಿಸಿದರು. ಆಮೇಲೆ ನಾಲ್ವರನ್ನೂ ಒಂದು ಕಡೆ ಕೂರಿಸಿ ಮಾತಾಡಲು ಬಿಟ್ಟರು. ಮಾತು ಮುಗಿದಾಗ ಪೆಚ್ಚಾಗಿದ್ದದ್ದು ಸೊಗಸಾದ ವಿಡಿಯೊ ನೋಡಿದವರು. ಉಳಿದ ಮೂವರಿಗೆ ತಾವೆಲ್ಲ ಕಂಡದ್ದರ ಬಗ್ಗೆ ಆಡಲು ಬೇಕಾದಷ್ಟು ಮಾತಿತ್ತು, ಇವರು ಅದರಿಂದ ಹೊರಗೆ ಉಳಿದಿದ್ದರು. ಅಸಾಧಾರಣ ಅನುಭವಕ್ಕೆ ಇಂಥ ಬೆಲೆ ತೆರಬೇಕಾದೀತು ಎಂಬುದನ್ನು ಮುಂಚೆಯೇ ಊಹಿಸಿ ಎಂದು ಕೇಳಿದಾಗ ಜನರಿಗೆ ಅದು ಹೊಳೆಯಲಿಲ್ಲ.

ನಿತ್ಯದ ಮೈಲಿಗಲ್ಲುಗಳ ಬಲ ಇರುವುದು ಇಲ್ಲೇ. ಅಂಟಾರ್ಕ್ಟಿಕಾಕ್ಕೆ ಹೋಗಿಬಂದವರ ಫೋಟೊಗೆ ಕೈಮುಗಿದು ಸುಮ್ಮನಾಗುತ್ತೇವೆ, ಕೇಳಲು ಪ್ರಶ್ನೆಯೇ ಹುಟ್ಟುವುದಿಲ್ಲ. ದುಂಡಗಿನ ರೊಟ್ಟಿಯ ಫೋಟೊ ಬಂದರೆ ಹಿಟ್ಟಿಗೆ ಬಿಸಿನೀರು ಹಾಕಿದೆಯಾ, ಹೆಂಚು ಯಾವುದು, ತಟ್ಟಿದ್ದು ಪ್ಲಾಸ್ಟಿಕ್ ಹಾಳೆಯ ಮೇಲೋ ಬರಿಗೈಯಲ್ಲೋ ಎಂದು ಹತ್ತು ಜನ ಕೇಳಬಲ್ಲರು. ಮೊದಲ ರೊಟ್ಟಿ ಹರಿದ ನೆನಪು ಅವರಿಗೂ ಇದೆ. ಸುದ್ದಿ ಸಣ್ಣದಾದಷ್ಟೂ ಅದರೊಳಕ್ಕೆ ಬರಲು ಬಾಗಿಲು ಹೆಚ್ಚು.

ಇಲ್ಲಿ ಗುಬ್ಬಚ್ಚಿಯ ಒಂದು ಅಧ್ಯಯನ ಹೇಳಲೇಬೇಕು. 1986ರಲ್ಲಿ ಮಾರ್ಕ್ ಎಲ್ಗರ್ ಎಂಬ ಜೀವವಿಜ್ಞಾನಿ ಮನೆಗುಬ್ಬಿಗಳಿಗೆ ಬ್ರೆಡ್ಡು ಇಟ್ಟು ನೋಡಿದರು. ಆಹಾರ ಕಂಡ ಮೊದಲ ಗುಬ್ಬಿ ಕೆಲವೊಮ್ಮೆ ಚಿಲಿಪಿಲಿಗುಟ್ಟಿ ಉಳಿದವನ್ನು ಕರೆಯುತ್ತದೆ, ಕೆಲವೊಮ್ಮೆ ಸದ್ದಿಲ್ಲದೆ ತಿನ್ನುತ್ತದೆ. ವ್ಯತ್ಯಾಸ ಎಲ್ಲಿ? ಬ್ರೆಡ್ಡು ಪುಡಿಪುಡಿಯಾಗಿ ಹರಡಿದ್ದರೆ ಗುಬ್ಬಿ ಕರೆಯಿತು. ಹೆಚ್ಚುಕಡಿಮೆ ಅಷ್ಟೇ ಬ್ರೆಡ್ಡು ಒಂದೇ ತುಂಡಾಗಿ ಇದ್ದರೆ ಕರೆಯುವುದು ಕಡಿಮೆಯಾಯಿತು. ಪುಡಿ ಎಲ್ಲರಿಗೂ ಸಿಗುತ್ತದೆ. ಜೊತೆಗೆ ನಾಲ್ಕು ಜೊತೆ ಕಣ್ಣಿದ್ದರೆ ಬೆಕ್ಕು ಗಿಡುಗಗಳ ಭಯವೂ ಕಡಿಮೆ. ಒಂದೇ ತುಂಡಿಗೆ ನಾಲ್ವರು ಬಂದರೆ ಜಗಳ.

ನಮ್ಮ ಸಿಹಿಸುದ್ದಿಗಳಲ್ಲೂ ಪುಡಿಯಂಥವು ಇವೆ, ತುಂಡಿನಂಥವು ಇವೆ ಎಂದು ನನಗೆ ಅನ್ನಿಸುತ್ತದೆ. ಸ್ಕೂಟರ್ ಕಲಿತದ್ದು, ಸಕ್ಕರೆ ಕಾಯಿಲೆ ಹತೋಟಿಗೆ ಬಂದದ್ದು, ಕುಂಡದಲ್ಲಿ ಹೂ ಬಿಟ್ಟದ್ದು ಇವುಗಳಲ್ಲಿ ಒಬ್ಬರಿಗೆ ಸಿಕ್ಕಿತೆಂದು ಇನ್ನೊಬ್ಬರಿಗೆ ಕಡಿಮೆಯಾಗುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ರ್‍ಯಾಂಕಿನ ಸುದ್ದಿ ಹಾಗಲ್ಲ. ಅದು ತುಂಡು. ಒಂದೇ ತರಗತಿಯ ಮಕ್ಕಳ ಪೋಷಕರೇ ತುಂಬಿರುವ ಗುಂಪಿನಲ್ಲಿ ಒಬ್ಬರು ಅಂಕಪಟ್ಟಿಯ ಫೋಟೊ ಹಾಕಿದರೆ ಉಳಿದವರು ತಮ್ಮ ಮಗುವಿನ ಕಡೆ ತಿರುಗಿ ನೋಡುತ್ತಾರೆ. ಜಾರ್ಜಿಯಾ ವಿಶ್ವವಿದ್ಯಾಲಯದ ಅಬ್ರಹಾಂ ಟೆಸ್ಸರ್ 1980ರ ದಶಕದಲ್ಲಿ ರೂಪಿಸಿದ ಸಿದ್ಧಾಂತ ಇದನ್ನೇ ಹೇಳುತ್ತದೆ. ದೂರದವರು ಗೆದ್ದರೆ ನಮಗೆ ನೋವಿಲ್ಲ. ನಮ್ಮದಲ್ಲದ ಕ್ಷೇತ್ರದಲ್ಲಿ ಹತ್ತಿರದವರು ಗೆದ್ದರೆ ಹೆಮ್ಮೆ. ಹತ್ತಿರದವರು ನಮ್ಮದೇ ಕ್ಷೇತ್ರದಲ್ಲಿ ನಮ್ಮನ್ನು ಮೀರಿದರೆ ಕಸಿವಿಸಿ. ಹಾಗೆ ಕಸಿವಿಸಿಪಡುವವರು ಕೆಟ್ಟವರೇನಲ್ಲ. ಎಂಥವರಿಗೂ ಅದು ಆಗುತ್ತದೆ.

ಈ ಕಸಿವಿಸಿಯ ಅರಿವು ನಮ್ಮ ಹಿರಿಯರಿಗೆ ಚೆನ್ನಾಗಿಯೇ ಇತ್ತು. ಅವರು ಅದನ್ನು ದೃಷ್ಟಿ ಎಂದರು. ಬಸುರಿಯ ಸುದ್ದಿಯನ್ನು ಮೂರು ತಿಂಗಳು ಬಾಯಿ ಬಿಡಬೇಡ, ಹೊಸ ಮನೆ ಕಟ್ಟುವಾಗ ದೃಷ್ಟಿಗೊಂಬೆ ಕಟ್ಟು, ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಇಡು. ಕಣ್ಣಿನ ನೋಟದಿಂದಲೇ ಕೇಡಾಗುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಆದರೆ ಈ ಆಚರಣೆಗಳ ಹಿಂದೆ ಇರುವ ಸಾಮಾಜಿಕ ಭಯ ಕಲ್ಪನೆಯದಲ್ಲ. ಮೆಕ್ಸಿಕೊದ ಹಳ್ಳಿಯೊಂದರಲ್ಲಿ ದೀರ್ಘಕಾಲ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಜಾರ್ಜ್ ಫಾಸ್ಟರ್ 1972ರಲ್ಲಿ ಅಸೂಯೆಯ ಬಗ್ಗೆ ಬರೆದ ಪ್ರಬಂಧದಲ್ಲಿ, ತಮ್ಮ ಮೇಲೆ ಬೀಳಬಹುದಾದ ಅಸೂಯೆಯನ್ನು ಜನ ನಾಲ್ಕು ಹಂತದಲ್ಲಿ ತಡೆಯುತ್ತಾರೆ ಎಂದರು. ಮೊದಲು ಬಚ್ಚಿಡುತ್ತಾರೆ. ಬಚ್ಚಿಡಲಾಗದಿದ್ದರೆ ‘ಅಯ್ಯೋ, ಅಂಥದ್ದೇನಿಲ್ಲ’ ಎನ್ನುತ್ತಾರೆ. ಅದೂ ಸಾಲದಿದ್ದರೆ ಸಾಂಕೇತಿಕವಾಗಿ ಒಂದಿಷ್ಟು ಹಂಚುತ್ತಾರೆ. ಕೊನೆಗೆ ನಿಜವಾಗಿಯೇ ಪಾಲು ಕೊಡುತ್ತಾರೆ.

ಕೆಲಸ ಸಿಕ್ಕಿತು ಎಂದು ಆಫೀಸಿನಲ್ಲೆಲ್ಲ ಪೇಡಾ ಹಂಚುವುದು ಇದರಲ್ಲಿ ಮೂರನೆಯದು. ಸುದ್ದಿ ತುಂಡಿನಂಥದ್ದೇ ಆದರೂ ಅದರ ಒಂದು ಚೂರನ್ನು ಕೈಗೆ ಇಟ್ಟಂತೆ ಅದು. 2010ರಲ್ಲಿ ನೆದರ್ಲೆಂಡ್ಸ್‌ನ ನೀಲ್ಸ್ ಫಾನ್ ಡೆ ಫೆನ್ ಮತ್ತು ಸಂಗಡಿಗರು ಇದರ ಸುಳಿವನ್ನು ಪ್ರಯೋಗಾಲಯದಲ್ಲೇ ಹಿಡಿದರು. ಕೆಲವರಿಗೆ 5 ಯೂರೊ ಬಹುಮಾನ ಕೊಟ್ಟರು. ಕೆಲವರಿಗೆ ಅದು ಅರ್ಹತೆಯಿಂದ ಬಂದಂತೆ, ಕೆಲವರಿಗೆ ಅರ್ಹತೆಯಿಲ್ಲದೆ ಬಂದಂತೆ ತೋರುವ ಹಾಗೆ ನೋಡಿಕೊಂಡರು. ಅರ್ಹತೆಯಿಲ್ಲದೆ ಬಹುಮಾನ ಪಡೆದವರು, ಅಂದರೆ ಎದುರಿನವರು ಕರುಬುತ್ತಾರೆ ಎಂದು ಭಯಪಡಲು ಕಾರಣವಿದ್ದವರು, ಆ ಎದುರಿನವರು ಸಲಹೆ ಕೇಳಿದಾಗ ಹೆಚ್ಚು ಹೊತ್ತು ಕೊಟ್ಟು ನೆರವಾದರು. ಇನ್ನೊಂದು ಪ್ರಯೋಗದಲ್ಲಿ ನೆಲಕ್ಕೆ ಬಿದ್ದ ರಬ್ಬರುಗಳನ್ನು ಆಯ್ದುಕೊಡಲು ಮುಂದಾದರು. ಕಣ್ಣು ಬಿದ್ದೀತೆಂಬ ಭಯ ಮನುಷ್ಯರನ್ನು ಉಪಕಾರಿಗಳನ್ನಾಗಿಯೂ ಮಾಡಬಲ್ಲದು. ಹಬ್ಬ, ಸಂತರ್ಪಣೆ, ಗೃಹಪ್ರವೇಶದ ಊಟ ಇವುಗಳ ಹಿಂದೆ ಭಕ್ತಿ, ಪ್ರೀತಿ, ಸಂಪ್ರದಾಯ ಎಲ್ಲ ಇವೆ. ಈ ಹಳೆಯ ವಿವೇಕವೂ ಒಂದು ಎಳೆಯಾಗಿ ಇದೆ ಎಂದು ನಾನು ನಂಬುತ್ತೇನೆ.

ಫೋನಿನಲ್ಲಿ ಸುದ್ದಿ ಹೋಗುತ್ತದೆ, ಪೇಡಾ ಹೋಗುವುದಿಲ್ಲ. ಪೇಡಾ ಕೊಡಲು ಬಂದವರ ಮುಖ ನೋಡಿ ನಾವು ನಗಬೇಕು, ಬಾಯಿಗೆ ಹಾಕಿಕೊಳ್ಳಬೇಕು, ಒಂದು ಮಾತು ಆಡಬೇಕು. 2014ರಲ್ಲಿ ಯೇಲ್ ವಿಶ್ವವಿದ್ಯಾಲಯದ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು ತೋರಿಸಿದಂತೆ, ಪಕ್ಕದಲ್ಲಿ ಇನ್ನೊಬ್ಬರು ಅದೇ ಚಾಕೊಲೇಟನ್ನು ಅದೇ ಹೊತ್ತಿಗೆ ತಿನ್ನುತ್ತಿದ್ದರೆ ಒಂದು ಮಾತೂ ಆಡದಿದ್ದರೂ ಅದರ ರುಚಿ ಹೆಚ್ಚುತ್ತದೆ.

ಭಯ ಹೆಚ್ಚಾದವರು ಬಚ್ಚಿಡುವುದೇ ಲೇಸು ಎಂದುಕೊಳ್ಳುತ್ತಾರೆ. ಅದಕ್ಕೂ ಬೆಲೆಯಿದೆ. ಆ್ಯನಬೆಲ್ ರಾಬರ್ಟ್ಸ್, ಎಮಾ ಲೆವಿನ್ ಮತ್ತು ಓವುಲ್ ಸೆಜರ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪ್ತರು ತಮ್ಮ ಯಶಸ್ಸನ್ನು ಮುಚ್ಚಿಟ್ಟಿದ್ದರು ಎಂದು ಆಮೇಲೆ ತಿಳಿದವರಿಗೆ ಅವಮಾನವಾದಂತೆ ಅನ್ನಿಸಿತ್ತು. ನಾನು ಕರುಬುತ್ತೇನೆ ಎಂದು ಇವರು ಅಂದುಕೊಂಡರಲ್ಲ ಎಂಬ ನೋವು ಅದು. ಸುದ್ದಿಯನ್ನು ನೇರವಾಗಿ ಹೇಳಿದ್ದರೆ ಆಗುತ್ತಿದ್ದ ಸಣ್ಣ ಕಸಿವಿಸಿಗಿಂತ ಮುಚ್ಚಿಟ್ಟದ್ದರ ಗಾಯ ದೊಡ್ಡದು. ತಂಗಿಯ ಮದುವೆ ನಿಶ್ಚಯವಾದದ್ದು ಮೂರನೆಯವರ ಸ್ಟೇಟಸ್ಸಿನಿಂದ ಗೊತ್ತಾದ ಅಕ್ಕನನ್ನು ಮಾತಾಡಿಸಿ ನೋಡಿ, ಇದಕ್ಕೆ ಪ್ರಯೋಗವೇ ಬೇಕಿಲ್ಲ.

ಮಧ್ಯದ ದಾರಿಯೊಂದನ್ನು ಹಲವರು ಹಿಡಿಯುತ್ತಾರೆ. ಗೊಣಗಾಟದ ಸೋಗಿನಲ್ಲಿ ಹೆಮ್ಮೆ ಹೇಳಿಕೊಳ್ಳುವುದು: “ಎರಡು ಕಂಪನಿಗಳಿಂದಲೂ ಆಫರ್ ಬಂದು ತಲೆಯೇ ಕೆಟ್ಟುಹೋಗಿದೆ.” 2018ರಲ್ಲಿ ಓವುಲ್ ಸೆಜರ್ ತಂಡ ಇದನ್ನು ಪರೀಕ್ಷಿಸಿತು. ಇಂಥ ಮಾತು ನೇರವಾದ ಹೆಮ್ಮೆಯ ಮಾತಿಗಿಂತಲೂ, ನೇರವಾದ ಗೊಣಗಾಟಕ್ಕಿಂತಲೂ ಕಡಿಮೆ ಮೆಚ್ಚುಗೆ ಪಡೆಯಿತು. ಕೇಳುವವರಿಗೆ ಅದರಲ್ಲಿ ಪ್ರಾಮಾಣಿಕತೆ ಕಾಣುವುದಿಲ್ಲ. ಅದಕ್ಕೂ ಮುಂಚೆ, 2015ರಲ್ಲಿ, ಐರೀನ್ ಸ್ಕೊಪೆಲಿಟಿ ಮತ್ತು ಸಂಗಡಿಗರು ಇನ್ನೊಂದು ಅಂತರವನ್ನು ಅಳೆದಿದ್ದರು. ತಮ್ಮ ಹೆಮ್ಮೆಯ ವಿಷಯ ಹೇಳಿಕೊಳ್ಳುವವರು ಕೇಳುಗರಿಗೆ ಎಷ್ಟು ಖುಷಿಯಾಗುತ್ತದೆ ಎಂಬುದನ್ನು ಜಾಸ್ತಿ ಅಂದಾಜು ಮಾಡುತ್ತಾರೆ, ಎಷ್ಟು ಕಿರಿಕಿರಿಯಾಗುತ್ತದೆ ಎಂಬುದನ್ನು ಕಡಿಮೆ ಅಂದಾಜು ಮಾಡುತ್ತಾರೆ. ಇದರಿಂದ ಹೇಳುವುದನ್ನೇ ನಿಲ್ಲಿಸಬೇಕಿಲ್ಲ. ನೇರವಾಗಿ, ಚಿಕ್ಕದಾಗಿ, ದಾರಿಯಲ್ಲಿ ಕೈ ಹಿಡಿದವರ ಹೆಸರನ್ನೂ ಸೇರಿಸಿ ಹೇಳಿದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಎಚ್ಚರಿಕೆ ಆಗಿರುವ ಸುದ್ದಿಗಲ್ಲ, ಆಗಬೇಕಾದ ಸುದ್ದಿಗೆ ಸಂಬಂಧಿಸಿದ್ದು. 2009ರಲ್ಲಿ ಪೀಟರ್ ಗೋಲ್ವಿಟ್ಸರ್ ತಂಡ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷಿಸಿತು. ಚೆನ್ನಾಗಿ ಓದುತ್ತೇನೆ ಎಂಬ ಸಂಕಲ್ಪವನ್ನು ಇನ್ನೊಬ್ಬರು ಗಮನಿಸಿದರೆಂದು ತಿಳಿದವರು ಆಮೇಲೆ ಓದಿಗೆ ಕೊಟ್ಟ ಹೊತ್ತು ಕಡಿಮೆ. ಆಗುವ ಮೊದಲೇ ಆದಷ್ಟು ತೃಪ್ತಿ ಸಿಕ್ಕಿಬಿಟ್ಟಿತ್ತು. ಹತ್ತು ಕಿಲೋ ಇಳಿಸುತ್ತೇನೆ ಎಂದು ಗುಂಪಿಗೆ ಬರೆಯುವ ಬದಲು ಮೊದಲ ಎರಡು ಕಿಲೋ ಇಳಿದ ದಿನ ಬರೆಯುವುದು ಮೇಲು.

ಇಲ್ಲಿ ಹೇಳಿದ ಬಹುಪಾಲು ಅಧ್ಯಯನಗಳಲ್ಲಿ ಭಾಗವಹಿಸಿದವರು ಅಮೆರಿಕ, ಯೂರೋಪಿನ ಜನ, ಅದರಲ್ಲೂ ಹೆಚ್ಚಿನವರು ಕಾಲೇಜು ವಿದ್ಯಾರ್ಥಿಗಳು. ಇದು ಮುಖ್ಯವಾದ ಮಿತಿ. 2019ರಲ್ಲಿ ಹ್ಯೇವಾನ್ ಚೋಯ್ ಮತ್ತು ಸಂಗಡಿಗರು ಕೊರಿಯಾದವರನ್ನೂ ಯೂರೋಪು ಮೂಲದ ಅಮೆರಿಕನ್ನರನ್ನೂ ಹೋಲಿಸಿ, ಕೊರಿಯಾದವರು ಸಿಹಿಸುದ್ದಿಯನ್ನು ಕಡಿಮೆ ಹೇಳಿಕೊಳ್ಳುತ್ತಾರೆ ಎಂದು ಕಂಡರು. ಹೇಳಿಕೊಂಡರೆ ಸಂಬಂಧ ಕೆಟ್ಟೀತು ಎಂಬ ಅಳುಕು ಅವರಲ್ಲಿ ಹೆಚ್ಚಿತ್ತು. ದೃಷ್ಟಿ ತೆಗೆಯುವ ನಾಡಿನವರಾದ ನಮಗೆ ಆ ಅಳುಕು ಅಪರಿಚಿತವೇನಲ್ಲ.

ಕೊನೆಗೆ ಗುಂಪುಗಳ ವಿಷಯ. 2009ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಲೈಕ್ ಗುಂಡಿಯನ್ನು ತಂದಿತು. ಅಲ್ಲಿಂದ ಈಚೆಗೆ ಇನ್ನೊಬ್ಬರ ಸಂತೋಷಕ್ಕೆ ಸ್ಪಂದಿಸುವುದು ಅರೆಕ್ಷಣದ ಕೆಲಸವಾಗಿದೆ. ಗೇಬಲ್ ಅವರ ನಾಲ್ಕು ಬಗೆಗಳಲ್ಲಿ ಹೆಬ್ಬೆರಳಿನ ಚಿತ್ರ ಯಾವುದಕ್ಕೆ ಸೇರುತ್ತದೆ ಎಂದು ಯೋಚಿಸಿ. “ಒಳ್ಳೇದಾಯ್ತು ಬಿಡು” ಎಂಬುದಕ್ಕಿಂತ ಅದು ಹೆಚ್ಚೇನೂ ಹೇಳುವುದಿಲ್ಲ. 2016ರಲ್ಲಿ ಫೇಸ್‌ಬುಕ್ ಸಂಸ್ಥೆಯ ಸಂಶೋಧಕಿ ಮೊಯ್ರಾ ಬರ್ಕ್ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಕ್ರೌಟ್, ಬಳಕೆದಾರರು ತುಂಬಿದ ಪ್ರಶ್ನಾವಳಿಗಳನ್ನು ಅವರ ಖಾತೆಯ ದಾಖಲೆಗಳ ಜೊತೆ ಇಟ್ಟು ನೋಡಿದರು. ಆಪ್ತರು ತನಗಾಗಿಯೇ ಕೂತು ಬರೆದ ಮಾತುಗಳು ಬಂದಿದ್ದರೆ ಆ ವ್ಯಕ್ತಿಯ ನೆಮ್ಮದಿ ಹೆಚ್ಚಿತ್ತು. ಲೈಕಿನಂಥ ಒಂದು ಒತ್ತಿನ ಸ್ಪಂದನಕ್ಕೂ, ಎಲ್ಲರಿಗೂ ಒಟ್ಟಿಗೆ ಹೋಗುವ ಬರಹಗಳಿಗೂ ಅಂಥ ಸಂಬಂಧ ಕಾಣಲಿಲ್ಲ. ಬರೆದವರು ದೂರದ ಪರಿಚಿತರಾದಾಗಲೂ ಅಷ್ಟೇ. ಆಪ್ತರು ಬರೆದ ಎರಡು ಸಾಲಿಗೆ ಇರುವ ಬಲ ನೂರು ಹೆಬ್ಬೆರಳಿಗೆ ಇಲ್ಲ.

ಇನ್ನೂರು ಜನರ ಗುಂಪಿನಲ್ಲಿ ಯಾರಾದರೂ ಕೇಳುತ್ತಾರೆ ಬಿಡು ಎಂದು ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಹಾಗಾಗಿ ಯಾರೂ ಕೇಳುವುದಿಲ್ಲ. ಕೈಮುಗಿದ ಚಿತ್ರಗಳ, ಹೂಗುಚ್ಛಗಳ ಸಾಲು ಬೆಳೆಯುತ್ತದೆ, ಆಮೇಲೆ ಯಾರೋ ಹಾಕಿದ ಶುಭೋದಯದ ಚಿತ್ರದ ಕೆಳಗೆ ಸುದ್ದಿ ಹೂತುಹೋಗುತ್ತದೆ. ಆದರೆ ಒಬ್ಬರು ಒಂದು ಪ್ರಶ್ನೆ ಕೇಳಿದರೆ ಗಾಳಿಯೇ ಬದಲಾಗುತ್ತದೆ. ಸುದ್ದಿ ಹಾಕಿದವರು ಉತ್ತರ ಬರೆಯುತ್ತಾರೆ. ಉತ್ತರ ಓದಿದ ಮೂರನೆಯವರಿಗೆ ತಮ್ಮದೊಂದು ನೆನಪು ಬರುತ್ತದೆ. ನಾಲ್ಕು ವಾರ ಕಾಲ ವಾರಕ್ಕೆ ಎರಡು ಸಲವಾದರೂ ತಮ್ಮ ಒಳ್ಳೆಯ ಅನುಭವವನ್ನು ಆಪ್ತರೊಬ್ಬರಿಗೆ ಹೇಳಿದವರ ಸಂತೋಷವೂ ಬದುಕಿನ ಬಗೆಗಿನ ತೃಪ್ತಿಯೂ ಹೆಚ್ಚಿದ್ದನ್ನು ನಥಾನಿಯಲ್ ಲ್ಯಾಂಬರ್ಟ್ ತಂಡ 2013ರಲ್ಲಿ ವರದಿ ಮಾಡಿತು. ಉತ್ಸಾಹದ ಸ್ಪಂದನ ಸಿಕ್ಕವರಿಗೆ ಲಾಭ ಇನ್ನೂ ಹೆಚ್ಚು. ಇದಕ್ಕೆ ಖರ್ಚಿಲ್ಲ, ತರಬೇತಿ ಬೇಕಿಲ್ಲ, ಎರಡು ನಿಮಿಷದ ಗಮನ ಸಾಕು.

ಈ ಅಧ್ಯಾಯ ಓದಿದವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕುಟುಂಬದ, ಓಣಿಯ, ಹಳೆಯ ಸಹಪಾಠಿಗಳ ಗುಂಪುಗಳಲ್ಲಿ ಈ ವಾರ ಬಂದ ಸುದ್ದಿಗಳನ್ನು ಒಮ್ಮೆ ಹಿಂದಕ್ಕೆ ಸರಿಸಿ ನೋಡಿ. ಬರೀ ಹೆಬ್ಬೆರಳು ಬಿದ್ದು ಸುಮ್ಮನಾಗಿರುವ ಒಂದು ಸಿಹಿಸುದ್ದಿ ಅಲ್ಲಿ ಇದ್ದೇ ಇರುತ್ತದೆ. ಅದನ್ನು ಹಾಕಿದವರಿಗೆ ಒಂದು ಪ್ರಶ್ನೆ ಬರೆಯಿರಿ. ಎಲ್ಲಿ ಕಷ್ಟವಾಯಿತು, ಯಾವಾಗ ಆಗುತ್ತದೆ ಅನ್ನಿಸಿತು, ಮೊದಲು ಯಾರಿಗೆ ಹೇಳಿದಿರಿ, ಯಾವುದಾದರೂ ಸರಿ. ಹತ್ತಿರದವರಾದರೆ ಬರೆಯಬೇಡಿ, ಫೋನು ಮಾಡಿ.